ವಿಶಾಲಕ್ಕನ ಹತ್ತು ಬೆರಳು

ನಮ್ಮೂರಿಗೆ ಹೊಸದಾಗಿ ಬಂದವರಿಗೆ ನಾವು ಮೊದಲು ಊಟ ಹಾಕುತ್ತೇವೆ. ಆಮೇಲೆ ಬಾಗಿಲು ಮುಂದೆ ಮಾಡಿ ಒಂದೇ ಒಂದು ಮಾತು ಹೇಳುತ್ತೇವೆ: ವೀರಾಚಾರ್ರ ಚಿತ್ರ ನೋಡಿ ಅವರ ಎದುರಿಗೆ ನಗಬೇಡಿ. ತಡೆಯಲಾಗದಿದ್ದರೆ ಒಳಕೋಣೆಗೆ ಹೋಗಿ, ಬಾಯಿಗೆ ಸೆರಗೋ ಟವೆಲ್ಲೋ ತುರುಕಿಕೊಂಡು ನಕ್ಕು ಬನ್ನಿ. ನಮ್ಮ ಮಕ್ಕಳು ಒಂದು ಎರಡು ಎಣಿಸುವುದಕ್ಕೆ ಮೊದಲೇ ಇದನ್ನು ಕಲಿತುಬಿಡುತ್ತವೆ. ಇಷ್ಟು ದೊಡ್ಡ ಗುಟ್ಟನ್ನು ಇಡೀ ಊರು ಮೂವತ್ತು ಚಿಲ್ಲರೆ ವರ್ಷ ಕಾಪಾಡಿಕೊಂಡು ಬಂದದ್ದನ್ನು ನೆನೆದರೆ ನನಗೇ ಆಶ್ಚರ್ಯವಾಗುತ್ತದೆ, ಏಕೆಂದರೆ ಬೇರೆ ಯಾವ ವಿಷಯದಲ್ಲೂ ನಮ್ಮ ಬಾಯಿಗೆ ಬೀಗವಿಲ್ಲ.

ನನ್ನ ಹೆಸರು ರುಕ್ಕಮ್ಮ. ಪೇಟೆ ಬೀದಿಯ ತಿರುವಿನಲ್ಲಿರುವ ಸೂಜಿ ಅಂಗಡಿ ನನ್ನದು. ಬಟ್ಟೆ ಹೊಲಿಯುವ ಸೂಜಿಯಲ್ಲ, ಗ್ರಾಮಫೋನಿನ ಸೂಜಿ. ಅಪ್ಪ ನಡೆಸುತ್ತಿದ್ದ ಅಂಗಡಿ. ಅವರಾದ ಮೇಲೆ ನಾನು ಕೂತೆ. ನಮ್ಮೂರಿನಲ್ಲಿ ಐವತ್ತು ತುಂಬಿದವರೆಲ್ಲ ಪ್ಲೇಟು ಮನೆಗೆ ಹೋಗಿ ತಮ್ಮ ಧ್ವನಿಯ ಒಂದು ಪ್ಲೇಟು ಮಾಡಿಸಿಟ್ಟು ಬರುತ್ತಾರೆ. ಮೂರೂವರೆ ನಿಮಿಷ. ಹಾಡು ಬರುವವರು ಹಾಡುತ್ತಾರೆ, ಬಯ್ಯಬೇಕಾದವರು ಬಯ್ಯುತ್ತಾರೆ. ನಮ್ಮಪ್ಪ ಮೂರೂವರೆ ನಿಮಿಷವೂ ಹುಣಸೆಹಣ್ಣಿನ ಗೊಜ್ಜು ಮಾಡುವುದು ಹೇಗೆಂದು ಹೇಳಿದ್ದಾರೆ, ಅದೂ ಉಪ್ಪು ಹಾಕುವುದನ್ನೇ ಮರೆತು. ಮನುಷ್ಯ ಬದುಕಿರುವಾಗ ಅವನ ಪ್ಲೇಟನ್ನು ಯಾರೂ ಕೇಳುವಂತಿಲ್ಲ. ಅವನು ಸತ್ತ ಹನ್ನೊಂದನೆಯ ದಿನ ಮನೆಯವರು ಸೇರಿ ಹಾಕುತ್ತಾರೆ. ಆದರೆ ಸುಮ್ಮನೆ ಹಾಕಿದರೆ ಪ್ಲೇಟು ತಿರುಗುತ್ತದೆ ಅಷ್ಟೆ, ಮಾತಾಡುವುದಿಲ್ಲ. ಅದರ ಕವರಿನ ಮೇಲಿನ ಚಿತ್ರ ನೋಡಿ ಆ ಕೋಣೆಯಲ್ಲಿ ಒಬ್ಬರಾದರೂ ಹೊಟ್ಟೆಯೊಳಗಿನಿಂದ ನಗಬೇಕು. ನಕ್ಕರೆ ಧ್ವನಿ ಮೊದಲಿನಿಂದ ಬರುತ್ತದೆ. ಇನ್ನೊಂದು ಸಲ ಕೇಳಬೇಕೆಂದರೆ ಇನ್ನೊಂದು ಸಲ ನಗಬೇಕು.

ಹಾಗಾದರೆ ಒಳ್ಳೆಯ ನಗೆಚಿತ್ರ ಬರೆಸಿಟ್ಟರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಅದೂ ಆಗಿ ಹೋಗಿದೆ. ಹಿಂದೆ ಒಬ್ಬರು ನಾಲಿಗೆ ಹೊರಚಾಚಿ ಕತ್ತೆಯ ಮೇಲೆ ಹಿಂದುಮುಂದಾಗಿ ಕೂತಂತೆ ಬರೆಸಿದ್ದರು. ಮನೆ ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು, ಪ್ಲೇಟು ಗಪ್‌ಚಿಪ್. ನಗಿಸಬೇಕೆಂದೇ ಬರೆದದ್ದನ್ನು ನೋಡಿ ನಕ್ಕರೆ ಪ್ಲೇಟಿಗೆ ಅದು ಹೇಗೋ ಗೊತ್ತಾಗುತ್ತದೆ. ಬೆಲ್ಲದ ಮಂಡಿಯ ಶಾಂತಪ್ಪನವರು ಉಲ್ಟಾ ಮಾಡಿದರು. ಪರಸ್ಥಳದಿಂದ ದೊಡ್ಡ ಚಿತ್ರಗಾರನನ್ನು ಕರೆಸಿ ರಾಜನ ಹಾಗೆ ಬರೆಸಿಕೊಂಡರು. ನೋಡಿದವರೆಲ್ಲ ಆಹಾ ಎಂದರು. ಇವತ್ತಿಗೂ ಆ ಮನೆಯ ಮಕ್ಕಳು ಅಪ್ಪನ ತಿಥಿಯ ದಿನ ಪ್ಲೇಟು ತಿರುಗಲು ಬಿಟ್ಟು ಒಬ್ಬರ ಕಂಕುಳಿಗೆ ಒಬ್ಬರು ಕಚಗುಳಿ ಇಡುತ್ತಾ ಕೂರುತ್ತಾರೆ. ಪಾಪ, ಅಪ್ಪ ಏನು ಹೇಳಿ ಹೋದರೋ ಅವರಿಗೆ ಇನ್ನೂ ಗೊತ್ತಿಲ್ಲ.

ಅಂದರೆ ನಮಗೆ ಬೇಕಾದದ್ದು ಜೀವವನ್ನೆಲ್ಲ ಹಾಕಿ ಬರೆದು, ಅಷ್ಟೇ ಜೋರಾಗಿ ಕೆಡಿಸುವ ಒಬ್ಬ ಚಿತ್ರಗಾರ. ಅಂಗಡಿಗಳ ಬೋರ್ಡು ಬರೆಯುತ್ತಾ ಎಲ್ಲಿಂದಲೋ ಬಂದ ವೀರಾಚಾರ್ರು ನಮ್ಮೂರಿನಲ್ಲಿ ನಿಂತದ್ದು ನಮ್ಮ ಪುಣ್ಯ. ಅವರಿಗೆ ಕೈ ಬರೆಯಲು ಬರುತ್ತಿರಲಿಲ್ಲ. ಕೈ ಎಂದರೆ ಭಯ. ಅದಕ್ಕೇ ಎಲ್ಲರ ಕೈಗಳನ್ನೂ ಎಲ್ಲಾದರೂ ಬಚ್ಚಿಡುತ್ತಿದ್ದರು. ಕೊಳಲು ಶಾಮಣ್ಣನ ಕವರಿನಲ್ಲಿ ಕೊಳಲು ತುಟಿಯ ಮುಂದೆ ತಾನೇ ತಾನಾಗಿ ನಿಂತಿದೆ, ಶಾಮಣ್ಣನ ಎರಡೂ ಕೈ ನೀರಿನ ಬಕೆಟ್ಟಿನಲ್ಲಿವೆ. ಸೂಲಗಿತ್ತಿ ಬೋರಮ್ಮ ಚಂದ್ರನ ಮೇಲೆ ಕೂತಿದ್ದಾಳೆ. ಅವಳಿಗಿಂತ ದೊಡ್ಡದಾದ ಮಗುವೊಂದು ಅವಳ ತೊಡೆಯ ಮೇಲೆ ಕೂತು, ಬಾಕಿ ವಸೂಲಿಗೆ ಬಂದ ಅಮೀನನ ಮುಖ ಮಾಡಿಕೊಂಡು ನಮ್ಮನ್ನು ನೋಡುತ್ತದೆ. ಗಂಡಹೆಂಡತಿಯ ಜೋಡಿ ಕವರೊಂದರಲ್ಲಿ ಗಂಡ ಹಾಳೆಯ ತುಂಬ ಆಗಿಹೋಗಿ, ಹೆಂಡತಿಗೆ ಜಾಗ ಸಾಲದೆ ಅವನ ಅಂಗಿಯ ಜೇಬಿನಿಂದ ಇಣುಕುತ್ತಾಳೆ. ಈ ಚಿತ್ರಗಳು ಹಳಸುವುದೂ ಇಲ್ಲ. ನಮ್ಮಪ್ಪನ ಹಿಂದೆ ನಿಂತ ಹಸುವಿಗೆ ಐದು ಕಾಲಿರುವುದು ನನ್ನ ಕಣ್ಣಿಗೆ ಬಿದ್ದದ್ದು ಅವರು ಹೋದ ಎಂಟನೆಯ ವರ್ಷ. ಆ ವರ್ಷ ಗೊಜ್ಜಿನ ವಿಧಾನ ಮೂರು ಸಲ ಕೇಳಿದೆ.

ಆಚಾರ್ರಿಗೆ ಇದ್ಯಾವುದೂ ಗೊತ್ತಾಗದಂತೆ ನೋಡಿಕೊಳ್ಳುವುದು ಊರಿನ ಕೆಲಸ. ಗೊತ್ತಾದರೆ ಮನುಷ್ಯ ಕುಂಚವನ್ನೇ ಬಿಟ್ಟಾನು, ಇಲ್ಲವೇ ನಗಿಸಲೆಂದೇ ಬರೆದಾನು. ಎರಡರಲ್ಲಿ ಯಾವುದಾದರೂ ಊರು ಮೂಕ. ಆದ್ದರಿಂದ ಅವರಿಗೆ ಹೇಳಿದ್ದು ಬೇರೆ: ಪ್ಲೇಟು ಮೊದಲು ಹತ್ತು ನಿಮಿಷ ಬಾಗಿಲು ಹಾಕಿದ ಕೋಣೆಯಲ್ಲಿ ತಿರುಗಬೇಕು, ಕವರು ಬರೆದವರು ಆಗ ಒಳಗಿರಬಾರದು, ದೃಷ್ಟಿಯಾಗುತ್ತದೆ. ಅವರು ಪ್ರತಿ ಮನೆಯಲ್ಲೂ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕಾಯುತ್ತಿದ್ದರು. ಒಳಗಿನಿಂದ ಸದ್ದು ಬರುತ್ತಿತ್ತಲ್ಲ? ಬಾಗಿಲ ಆಚೆಯಿಂದ ನಗುವೂ ಅಳುವೂ ಒಂದೇ ಥರ ಕೇಳುತ್ತದೆ. ‘ನನ್ನ ಚಿತ್ರ ನೋಡಿ ಹೋದವರೇ ಎದ್ದು ಬಂದಂಗಾಗಿ ಅಳ್ತಾರೆ, ಪಾಪ’ ಎಂದು ಆಚಾರ್ರು ತಾವೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಅವರ ಹೆಂಡತಿ ವಿಶಾಲಕ್ಕ ನಮ್ಮೂರಿನಲ್ಲೇ ಹುಟ್ಟಿದವಳು, ನನಗೆ ಅಕ್ಕನಿಗಿಂತ ಹೆಚ್ಚು. ಊರಿಗೆಲ್ಲ ಯಾವಾಗಲೋ ಒಮ್ಮೆ ಬರುವ ಕಷ್ಟ ಅವಳಿಗೆ ದಿನಾ. ಆಚಾರ್ರು ಚಿತ್ರ ಮುಗಿಸಿ ‘ವಿಶಾಲೂ, ಬಾರೆ ಇಲ್ಲಿ’ ಎಂದು ಕೂಗಿದರೆ, ಬಂದು ನೋಡಿ, ಗಂಭೀರವಾಗಿ ತಲೆಯಾಡಿಸಿ, ‘ಚೆನ್ನಾಗಿದೆ ರೀ. ಒಲೆ ಮೇಲೆ ಹಾಲಿಟ್ಟಿದೀನಿ’ ಎಂದು ಒಳಗೆ ಓಡುತ್ತಿದ್ದಳು. ಆ ಮನೆಯಲ್ಲಿ ಹಾಲು ಉಕ್ಕಲು ಹೊರಟಷ್ಟು ಸಲ ಬೇರೆ ಯಾವ ಮನೆಯಲ್ಲೂ ಉಕ್ಕಿರಲಾರದು. ನಾನು ಎಷ್ಟೋ ಸಲ ಕೇಳಿದ್ದೇನೆ, ‘ಹೆಂಗಕ್ಕ ತಡ್ಕೋತೀಯ?’ ಎಂದು. ‘ಮದುವೆ ಅಂದ್ರೆ ಇನ್ನೇನೇ’ ಎನ್ನುತ್ತಿದ್ದಳು.

ಅವಳಿಗೆ ಐವತ್ತು ತುಂಬಿದಾಗ ಆಚಾರ್ರು ಒಂದು ತೀರ್ಮಾನಕ್ಕೆ ಬಂದರು. ಎಲ್ಲರ ಕೈಯನ್ನೂ ಬಚ್ಚಿಟ್ಟಿದ್ದೇನೆ, ವಿಶಾಲೂ ಕೈಯನ್ನು ಬಚ್ಚಿಡುವುದಿಲ್ಲ. ಮೂರು ತಿಂಗಳು ಅವಳನ್ನು ಕಿಟಕಿಯ ಹತ್ತಿರ ಕೂರಿಸಿ, ತೊಡೆಯ ಮೇಲೆ ಎರಡೂ ಕೈ ಇಡಿಸಿ ಬರೆದರು. ಮುಗಿದ ಚಿತ್ರವನ್ನು ನಾನು ನೋಡಿದೆ. ಮುಖ ಯಾರದೋ. ಮುಡಿದ ಮಲ್ಲಿಗೆ ದಂಡೆ ತಲೆಯನ್ನು ಎತ್ತಿಕೊಂಡು ಹೊರಟಂತಿತ್ತು. ಹೆಸರು ಬರೆಯುವಾಗ ಜಾಗ ಮುಗಿದು ಕೊನೆಯ ಅಕ್ಷರಗಳು ಸೀರೆಯ ಅಂಚಿನ ಮೇಲೆ ಇಳಿದಿದ್ದವು. ಮತ್ತೆ ಆ ಕೈಗಳು! ಎರಡು ಬಾಳೆಹಣ್ಣಿನ ಚಿಪ್ಪನ್ನು ಯಾರೋ ಅವಳ ಮಡಿಲಲ್ಲಿಟ್ಟು ಮರೆತು ಹೋದಂತಿದ್ದವು. ನಾನು ಕೆಮ್ಮಿದೆ, ಸೀನಿದೆ, ಕೊನೆಗೆ ಅಂಗಡಿ ಬಾಗಿಲು ತೆರೆದಿಟ್ಟು ಬಂದಿದ್ದೇನೆ ಎಂದು ಓಡಿದೆ. ವಿಶಾಲಕ್ಕ ಮರುದಿನ ಆ ಕವರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪ್ಲೇಟು ಮನೆಗೆ ಹೋಗಿ ಬಂದಳು. ಏನು ಹೇಳಿದೆ ಎಂದು ಯಾರೂ ಕೇಳುವಂತಿಲ್ಲವಲ್ಲ, ನಾನೂ ಕೇಳಲಿಲ್ಲ.

ಈ ವರ್ಷ ನಾಲ್ಕು ದಿನದ ಜ್ವರದಲ್ಲಿ ಅವಳು ಹೋಗಿಬಿಟ್ಟಳು. ಹನ್ನೊಂದನೆಯ ದಿನ ಪದ್ಧತಿಯಂತೆ ಆಚಾರ್ರನ್ನು ಜಗಲಿಯ ಮೇಲೆ ಕೂರಿಸಿ, ನಾವು ಏಳೆಂಟು ಜನ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಪ್ಲೇಟು ಮನೆ ನಡೆಸುವ ಚನ್ನಕೇಶವ ಮಾಸ್ತರು ಗ್ರಾಮಫೋನಿಗೆ ಕೀಲಿ ಕೊಟ್ಟರು. ನಾನು ಸೂಜಿ ಇಟ್ಟೆ. ಕವರನ್ನು ಗೋಡೆಗೆ ಒರಗಿಸಿ ಎಲ್ಲರೂ ನೋಡಿದೆವು. ನನಗೆ ಧೈರ್ಯವಿತ್ತು, ಊರಿನಲ್ಲಿ ಇದಕ್ಕಿಂತ ಕೆಟ್ಟ ಚಿತ್ರ ಇನ್ನೊಂದಿಲ್ಲ. ಆದರೆ ಕೈಗಳ ಮೇಲೆ ಕಣ್ಣು ಬಿದ್ದದ್ದೇ ಸೂಲಗಿತ್ತಿ ಬೋರಮ್ಮನ ಮಗಳು ‘ಅಯ್ಯೋ ಅಕ್ಕಾ’ ಎಂದು ಅಳತೊಡಗಿದಳು. ಆ ಕೈಯಿಂದ ಉಣ್ಣದವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಅತ್ತೆವು. ಮಾಸ್ತರು ಒಬ್ಬರೇ ಕಷ್ಟಪಟ್ಟು ‘ಹ ಹ’ ಎಂದರು. ಅದನ್ನು ಕೇಳಿದರೆ ಇನ್ನಷ್ಟು ಅಳು ಬರುವಂತಿತ್ತು. ಪ್ಲೇಟು ಸುಮ್ಮನೆ ತಿರುಗಿತು. ಹತ್ತು ನಿಮಿಷವಾಯಿತೆಂದು ಆಚಾರ್ರು ಬಾಗಿಲು ತಳ್ಳಿಕೊಂಡು ಬಂದು, ಕೈಕಟ್ಟಿ ನಿಂತು, ಕಿವಿಗೊಟ್ಟರು. ಬರಿಯ ಸರಸರ ಸದ್ದು.

ಮಾರನೆಯ ದಿನದಿಂದ ಅವರು ನನ್ನ ಅಂಗಡಿಗೆ ಬರತೊಡಗಿದರು. ಪ್ಲೇಟು ಕವರು ಎರಡೂ ಒಂದು ಬಿಳಿ ಪಂಚೆಯಲ್ಲಿ ಸುತ್ತಿರುತ್ತಿತ್ತು. ‘ರುಕ್ಕಮ್ಮ, ಸೂಜಿ ಬದಲಾಯಿಸಿ ನೋಡಣ’ ಎನ್ನುವರು. ದಪ್ಪ ಸೂಜಿ, ಸಣ್ಣ ಸೂಜಿ, ಅಪ್ಪನ ಕಾಲದ ಬಿದಿರಿನ ಸೂಜಿ, ಎಲ್ಲ ಆಯಿತು. ನಾನೂ ಪ್ರತಿ ಸಲ ಕವರಿನ ಕಡೆ ನೋಡಿ, ನಗು ಬರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ಎದುರಿಗೆ ಆ ಮುಖ ಇಟ್ಟುಕೊಂಡು ಯಾರಿಗೆ ನಗು ಬಂದೀತು? ವಿಶಾಲಕ್ಕ ಹೋದ ಹದಿನೇಳನೆಯ ದಿನ ಅವರು ಪಂಚೆ ಬಿಚ್ಚದೆ ಕೂತರು.

‘ತಪ್ಪು ಸೂಜೀದಲ್ಲ, ನಂದು’ ಎಂದರು. ‘ಬೇರೆಯವರ ಮನೇಲಿ ಅತ್ತ ಕೂಡ್ಲೆ ಪ್ಲೇಟು ಮಾತಾಡ್ತು. ಇವಳಿಗೆ ಅಷ್ಟು ಜನ ಅತ್ರೂ ಮಾತಾಡ್ಲಿಲ್ಲ ಅಂದ್ರೆ ನನ್ನ ಚಿತ್ರದಲ್ಲೇ ಜೀವ ಇಲ್ಲ. ನಾಳೆ ಸೋಮವಾರ. ಬಣ್ಣಾನೆಲ್ಲ ಕೆರೆದು ತೆಗೆದು ಹೊಸದಾಗಿ ಬರೀತೀನಿ.’

ಒಂದು ಪ್ಲೇಟಿಗೆ ಒಂದೇ ಕವರು. ಕವರು ಹಾಳಾದ ಪ್ಲೇಟು ಮತ್ತೆ ಬಾಯಿ ಬಿಟ್ಟದ್ದಿಲ್ಲ. ಇಲಿ ಕಡಿದು ಹಾಗೆ ಆದ ಮನೆಗಳು ನಮ್ಮ ಬೀದಿಯಲ್ಲೇ ಎರಡಿವೆ. ಇದನ್ನು ಆಚಾರ್ರಿಗೆ ಯಾರೂ ಹೇಳಿರಲಿಲ್ಲ. ನಾಳೆಯವರೆಗೆ ತಾಳಿ ಎಂದು ಅವರನ್ನು ಕಳಿಸಿ, ನಾನು ಮಾಸ್ತರ ಬಳಿಗೆ ಓಡಿದೆ.

ಚನ್ನಕೇಶವ ಮಾಸ್ತರು ಒಂಟಿ ಮನುಷ್ಯ, ಊಟ ಮೂರು ಹೊತ್ತೂ ಹೋಟೆಲಿನಲ್ಲಿ. ಅವರಿಗೂ ಐವತ್ತು ತುಂಬಲು ಎರಡೇ ತಿಂಗಳಿತ್ತು, ಕವರು ಇನ್ನೂ ಆಗಿರಲಿಲ್ಲ. ‘ಹೇಳೋದು ಬೇಡಮ್ಮ’ ಎಂದರು. ‘ಒಂದು ಪ್ಲೇಟು ಹೋದ್ರೆ ಒಂದು ಹೋಯ್ತು. ಹೇಳಿದ್ರೆ ಮುಂದೆ ಸಾಯೋರ ಧ್ವನಿಯೆಲ್ಲ ಹೋಗುತ್ತೆ. ನಂದೂ, ನಿಂದೂ.’

‘ಆಚಾರ್ರಿಗೆ ಬೇರೆ ಯಾರಿದಾರೆ ಮಾಸ್ತರೇ? ಮಕ್ಕಳಾ ಮರಿಯಾ? ಅವರಿಗೆ ಉಳಿದಿರೋದು ಅದೊಂದೇ.’

ಮಾಸ್ತರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅವರನ್ನು ದೂರಲಾರೆ. ಎಷ್ಟಾದರೂ ಅವರಿಗೂ ಪ್ಲೇಟಿನಲ್ಲಿ ಹೇಳಿ ಹೋಗುವುದು ಏನೋ ಇದ್ದಿರಬೇಕು.

ಸೋಮವಾರ ಬೆಳಗ್ಗೆ ಆಚಾರ್ರು ಪಂಚೆಯ ಗಂಟಿನ ಜೊತೆ ಬಣ್ಣ ಕೆರೆಯುವ ಉಳಿಯನ್ನೂ ತಂದಿದ್ದರು. ಕೊನೆಯ ಸಲ ಪ್ಲೇಟು ಹಾಕಿ ನೋಡಿ ಆಮೇಲೆ ಕೆರೆಯುವುದೆಂದು. ನಾನು ಅಂಗಡಿಯ ಬಾಗಿಲು ಮುಂದೆ ಮಾಡಿ, ಕೀಲಿ ಕೊಟ್ಟು, ಸೂಜಿ ಇಟ್ಟು, ಹೇಳಿಯೇಬಿಟ್ಟೆ. ಹೇಗೆ ಹೇಳಿದೆನೆಂದು ನನಗೆ ನೆನಪಿಲ್ಲ. ಗ್ರಾಮಫೋನಿನ ತಟ್ಟೆಯನ್ನೇ ನೋಡುತ್ತಾ ಹೇಳಿದೆ, ಅವರನ್ನು ನೋಡಲಿಲ್ಲ.

ಅವರು ಕೇಳಿದರು, ‘ಶಾಮಣ್ಣನ ಮನೇಲಿ?’

‘ನಕ್ಕ್ರು ಆಚಾರ್ರೇ.’

‘ಬೋರಮ್ಮನ ಮನೇಲಿ ಅಷ್ಟು ಜೋರಾಗಿ ಅತ್ತಿದ್ದು?’

‘ಅವಳ ಮಗಳಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂದಿತ್ತು. ನೀರು ಕುಡಿಸಿದ್ವಿ.’

‘ನಿಮ್ಮಪ್ಪಂದು?’

‘ಅದಕ್ಕೆ ನಾನೇ.’

ಅವರ ಮುಖ ಸಣ್ಣದಾಯಿತು. ಮೂವತ್ತು ವರ್ಷ ಜಗಲಿಯ ಮೇಲೆ ಕೂತು ಒರೆಸಿಕೊಂಡ ಕಣ್ಣೀರನ್ನೆಲ್ಲ ನಾವು ಅವರಿಗೆ ವಾಪಸು ಕೊಟ್ಟಂತಾಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ನಾನು ಹೆದರಿದ್ದ ಪ್ರಶ್ನೆ ಬಂತು.

‘ವಿಶಾಲೂಗೆ ಗೊತ್ತಿತ್ತಾ?’

‘ಈ ಊರಲ್ಲಿ ಹುಟ್ಟಿದೋಳಲ್ವೇ’ ಎಂದೆ. ಬೇರೇನು ಹೇಳಲಿ?

ಆಚಾರ್ರು ಪಂಚೆ ಬಿಡಿಸಿ ಕವರನ್ನು ತೊಡೆಯ ಮೇಲಿಟ್ಟುಕೊಂಡರು. ಉಳಿ ಪಕ್ಕದಲ್ಲೇ ಇತ್ತು. ‘ಇದರಲ್ಲೂ ನಗೋದಿದೆಯಾ?’ ಎಂದರು. ಸಿಟ್ಟಿನಿಂದಲ್ಲ, ಕಾಯಿಲೆಯವನು ವೈದ್ಯನನ್ನು ಕೇಳಿದಂತೆ. ‘ಬೇರೆಯವರದ್ದೆಲ್ಲ ಹೆಂಗೋ ಏನೋ. ಇದನ್ನ ನಾನು ಬಹಳ ಎಚ್ಚರಿಕೆಯಿಂದ ಬರೆದೆ ರುಕ್ಕಮ್ಮ. ದಿನಾ ಸಂಜೆ ಬೆರಳು ಎಣಿಸಿ ಎಣಿಸಿ ಬರೆದೆ. ಬೇಕಾದ್ರೆ ನೋಡಿ.’ ಬೆರಳಿಟ್ಟು ಎಣಿಸಿದರು. ‘ಈ ಕೈಲಿ ಆರು. ಈ ಕೈಲಿ ನಾಲ್ಕು. ಒಟ್ಟು ಹತ್ತು. ಲೆಕ್ಕ ಸರಿಯಾಗೇ ಇದೆಯಲ್ಲ?’

ನಾನು ತಡೆದೆ. ನಿಜವಾಗಿಯೂ ತಡೆದೆ. ಸೆರಗು ಬಾಯಿಗೆ ಹೋಯಿತು, ಕಣ್ಣಲ್ಲಿ ನೀರು ಬಂತು, ಆದರೆ ‘ಒಟ್ಟು ಹತ್ತು’ ಎಂಬುದು ಹೊಟ್ಟೆಯೊಳಗೆ ಇಳಿದು ಅಲ್ಲಿಂದ ಎದ್ದು ಬಂತು. ಹದಿನೇಳು ದಿನದ ದುಃಖವೂ ಅದರ ಜೊತೆಗೇ ಬಂತು. ಗಲ್ಲಾಪೆಟ್ಟಿಗೆಗೆ ಹಣೆ ಆನಿಸಿ ನಕ್ಕೆ. ಆಚಾರ್ರು ನನ್ನನ್ನು ನೋಡಿದರು, ಚಿತ್ರವನ್ನು ನೋಡಿದರು, ತಮ್ಮ ಎರಡು ಕೈಗಳನ್ನೂ ಎತ್ತಿ ಅದರ ಪಕ್ಕದಲ್ಲಿ ಹಿಡಿದು ನೋಡಿದರು. ಒಂದೊಂದು ಕೈಯಲ್ಲಿ ಐದೈದು. ಅವರ ಮೀಸೆಯ ತುದಿ ನಡುಗಿತು.

ಆಗ ಅಂಗಡಿಯಲ್ಲಿ ಇನ್ನೊಂದು ನಗು ಕೇಳಿಸಿತು.

ನನ್ನದಲ್ಲ, ಆಚಾರ್ರದ್ದೂ ಅಲ್ಲ. ಗ್ರಾಮಫೋನಿನ ಕಹಳೆಯಿಂದ ಬರುತ್ತಿತ್ತು. ವಿಶಾಲಕ್ಕ ನಗುತ್ತಿದ್ದಳು. ಉಸಿರು ಕಟ್ಟಿ ನಿಲ್ಲಿಸಿ, ‘ಅಯ್ಯಯ್ಯೋ’ ಎಂದು ಮತ್ತೆ ಶುರು ಮಾಡಿ, ಮೇಜು ಗುದ್ದಿ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ. ಅರ್ಧ ಪ್ಲೇಟು ಹಾಗೇ ಹೋಯಿತು. ಆಮೇಲೆ ಮಾತು ಬಂತು.

‘ರೀ, ಕೇಳಿಸ್ತಿದೆಯಾ? ಇದು ಇಷ್ಟು ವರ್ಷ ನಿಮ್ಮ ಎದುರಿಗೆ ನಗದೇ ಇಟ್ಕೊಂಡಿದ್ದು. ಒಲೆ ಮೇಲೆ ಹಾಲಿದೆ ಅಂತ ಓಡ್ತಿದ್ನಲ್ಲ, ಹಾಲೇ ಇರ್ತಿರಲಿಲ್ಲ ರೀ. ಈಗ ತೊಡೆ ಮೇಲೆ ನಿಮ್ಮ ಚಿತ್ರ ಇಟ್ಕೊಂಡೇ ಮಾತಾಡ್ತಿದೀನಿ. ಆ ಎಡಗೈ ನೋಡಿದ್ರೆ...’ ಮತ್ತೆ ನಗು. ‘ಬೇಜಾರು ಮಾಡ್ಕೋಬೇಡಿ. ಮೂರು ತಿಂಗಳು ನೀವು ನನ್ನ ಕೈನೇ ನೋಡ್ತಾ ಕೂತ್ರಲ್ಲ, ಅಷ್ಟು ಹೊತ್ತು ಈ ಕೈನ ಯಾರು ನೋಡಿದ್ರು? ನಮ್ಮಮ್ಮನೂ ನೋಡಿರಲಿಲ್ಲ.’

ಅಲ್ಲಿಂದ ಮುಂದಿನದು ನನ್ನದಲ್ಲ. ನಾನು ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡು, ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಒಳಗೆ ಪ್ಲೇಟು ಮುಗಿಯಿತು. ಆಮೇಲೆ ಆಚಾರ್ರ ಧ್ವನಿ ಬಂತು, ದೊಡ್ಡದಾಗಿ, ಬಿಟ್ಟು ಬಿಟ್ಟು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಪ್ಲೇಟು ಮತ್ತೆ ಮೊದಲಿನಿಂದ ಶುರುವಾಯಿತು. ನನಗೆ ಉತ್ತರ ಸಿಕ್ಕಿತು.

ಆದರೆ ಅದಾದ ಮೇಲೆ ಒಂದು ತಿಂಗಳು ಅವರು ಕುಂಚ ಮುಟ್ಟಲಿಲ್ಲ. ಮಾಸ್ತರು ನನ್ನ ಅಂಗಡಿಯ ಮುಂದೆ ಹಾದು ಹೋಗುವಾಗ ನಮಸ್ಕಾರ ಹೇಳುವುದನ್ನೂ ನಿಲ್ಲಿಸಿದರು. ಊರಿನಲ್ಲಿ ಕೆಲವರು ನನ್ನನ್ನು ಬಾಯಿಬಡುಕಿ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ತಪ್ಪು ಮಾಡಿದೆನೇ ಎಂದು ದಿನಾ ಕೇಳಿಕೊಳ್ಳುತ್ತಿದ್ದೆ. ಒಂದು ದಿನ ಆಚಾರ್ರು ಬಂದು ಅಂಗಡಿಯಲ್ಲಿ ಅಡಿಪಟ್ಟಿ ಇದೆಯೇ ಎಂದು ಕೇಳಿದರು. ‘ಇಷ್ಟು ವರ್ಷ ಗೊತ್ತಿರಲಿಲ್ಲ. ಈಗ ಗೊತ್ತಾಯ್ತಲ್ಲ, ಸರಿಯಾಗಿ ಕಲೀಬೇಕು. ಮಾಸ್ತರ ಕವರಿನಲ್ಲಿ ಒಂದೇ ಒಂದು ತಪ್ಪು ಇರಬಾರದು’ ಎಂದರು. ನಮಗೆ ಹೊಸ ಭಯ ಶುರುವಾಯಿತು. ಮನುಷ್ಯ ಈ ವಯಸ್ಸಿನಲ್ಲಿ ನಿಜವಾಗಿ ಕಲಿತುಬಿಟ್ಟರೆ?

ಹೋದ ಶುಕ್ರವಾರ ಕವರು ಮುಗಿಯಿತೆಂದು ಮಾಸ್ತರನ್ನೂ ನನ್ನನ್ನೂ ಮನೆಗೆ ಕರೆದರು. ಮಾಸ್ತರ ಮುಖ ಬಿಳುಚಿಕೊಂಡಿತ್ತು. ಆಚಾರ್ರು ಬಟ್ಟೆ ಸರಿಸಿದರು. ಚಿತ್ರದಲ್ಲಿ ಮಾಸ್ತರು ಕೈ ಮುಗಿಯುವುದಕ್ಕೆ ಹೊರಟವರಂತೆ ಎರಡೂ ಕೈ ಎತ್ತಿ ಹಿಡಿದಿದ್ದರು. ನಾನು ಎಣಿಸಿದೆ. ಒಂದು ಕೈಯಲ್ಲಿ ಐದು, ಇನ್ನೊಂದರಲ್ಲಿ ಐದು. ಗೆಣ್ಣು, ಉಗುರು, ಎಲ್ಲ ಅಳೆದು ಇಟ್ಟಂತೆ. ಇನ್ನು ಮುಗಿಯಿತು ಅಂದುಕೊಂಡೆ. ಮಾಸ್ತರು ಹತ್ತಿರ ಹೋಗಿ ನೋಡಿದರು. ತಮ್ಮ ಬಲಗೈ ಎತ್ತಿ ಚಿತ್ರಕ್ಕೆ ಹಿಡಿದರು, ಹೊಂದಲಿಲ್ಲ. ತಿರುಗಿಸಿ ಹಿಡಿದರು, ಆಗಲೂ ಹೊಂದಲಿಲ್ಲ. ಎಡಗೈ ಹಿಡಿದರು, ಎರಡು ಕಡೆಯೂ ಹೊಂದಿತು. ಚಿತ್ರದಲ್ಲಿದ್ದವು ಎರಡೂ ಎಡಗೈ! ಅವರ ಭುಜ ಅಲುಗತೊಡಗಿತು.

‘ಹೆಂಗಿದೆ ಮಾಸ್ತರೇ?’

‘ಕೈ ಬಹಳ ಚೆನ್ನಾಗಿದೆ ಆಚಾರ್ರೇ’ ಎಂದರು ಮಾಸ್ತರು, ಸಣ್ಣ ದನಿಯಲ್ಲಿ. ‘ನಾನು ಬಂದೆ. ಒಲೆ ಮೇಲೆ ಹಾಲಿಟ್ಟಿದೀನಿ.’

ಜನ್ಮದಲ್ಲಿ ಒಲೆ ಹಚ್ಚದ ಮನುಷ್ಯ ಚಪ್ಪಲಿ ಬಿಟ್ಟು ಓಡಿದರು. ಆಚಾರ್ರು ಬಾಗಿಲ ಕಡೆ ನೋಡಿದರು, ಚಿತ್ರದ ಕಡೆ ನೋಡಿದರು. ಅಡಿಪಟ್ಟಿ ಎತ್ತಿಕೊಂಡು ಬೆರಳುಗಳನ್ನು ಮತ್ತೊಮ್ಮೆ ಅಳೆದರು. ‘ಎಲ್ಲಿ ತಪ್ಪಿದೆ?’ ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ನಾನು ಕೆಳತುಟಿ ಕಚ್ಚಿ, ‘ಬರೋ ವರ್ಷ ನಂಗೂ ಐವತ್ತು ಆಚಾರ್ರೇ. ನನ್ನ ಕೈನೂ ಬಚ್ಚಿಡಬೇಡಿ’ ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಸಾಕಾಗಿತ್ತು.

ಅವರು ನನ್ನ ಮುಖ ನೋಡಿದರು. ಅಡಿಪಟ್ಟಿ ಕೆಳಗಿಟ್ಟರು.

‘ಹೋಗಿ ಬನ್ನಿ ರುಕ್ಕಮ್ಮ’ ಎಂದರು. ‘ನಿಮ್ಮ ಒಲೆ ಮೇಲೂ ಹಾಲಿರುತ್ತೆ.’